ಲೇಯರ್ ನಲವತ್ತೇಳು, ಕಾಪಿ ಎರಡು

೧

ಎಲ್ಲಿಂದ ಶುರುಮಾಡಲಿ? ಖಾಲಿ ಹಾಳೆಯಿಂದ ಅಂದರೆ ಸವಕಲು. ಖಾಲಿ ಸ್ಕ್ರೀನಿನಿಂದ ಅಂದರೆ ಅದಕ್ಕಿಂತ ಸವಕಲು. ಇತ್ತೀಚೆಗೆ ಕತೆ ಬರೆಯುವವರೆಲ್ಲ "ಎಲ್ಲಿಂದ ಶುರುಮಾಡಲಿ" ಅಂತ ಕೇಳಿಕೊಂಡೇ ಶುರುಮಾಡುತ್ತಾರೆ. ಹಾಗೆ ಕೇಳಿದರೆ ಜಾಣರ ಥರ ಕಾಣುತ್ತೇವೆ ಅಂತ ಯಾರೋ ಹೇಳಿಕೊಟ್ಟಿದ್ದಾರೆ. ನಾನೂ ಕೇಳಿದ್ದಾಯಿತು. ಜಾಣನ ಥರ ಕಂಡೆನೋ ಇಲ್ಲವೋ ನೀವೇ ಹೇಳಬೇಕು.

ಮೊದಲ ಡ್ರಾಫ್ಟ್ ಹೀಗಿತ್ತು: "ಅವಳು ಮೌಸ್ ಹಿಡಿದಾಗ ಅವಳ ಬೆರಳ ತುದಿಯಲ್ಲಿ ಕಳೆದುಹೋದ ಕಾಲದ ಬಣ್ಣಗಳೆಲ್ಲ ಮಿಡಿಯತೊಡಗಿದವು." ಥೂ. ಹರಿದು ಹಾಕಿದೆ. (ಕಂಪ್ಯೂಟರಿನಲ್ಲಿ ಹರಿದು ಹಾಕುವುದು ಅಂತ ಇಲ್ಲ. ಡಿಲೀಟ್ ಒತ್ತಿದೆ. ಆಮೇಲೆ ಅನ್‌ಡೂ ಒತ್ತಿದೆ, ನಿಮಗೆ ತೋರಿಸಿ ನಗಬೇಕಲ್ಲ.)

ಎರಡನೇ ಡ್ರಾಫ್ಟಿನಲ್ಲಿ ಒಬ್ಬ ಮುದುಕ ಇದ್ದ. ಕೈಯಿಂದ ಪೋಸ್ಟರ್ ಬರೆಯುತ್ತಿದ್ದ ಕಲಾವಿದ. ಒಣಗಿದ ಕುಂಚ, ಕೆಮ್ಮು, "ಈಗ ಯಾರಿಗೆ ಬೇಕಪ್ಪ ನಮ್ಮ ಕಲೆ" ಅನ್ನುವ ಡೈಲಾಗು. ಈ ಮುದುಕ ನಿಮಗೆ ಗೊತ್ತು. ರೆಟ್ರೋ ಪೋಸ್ಟರ್ ಅಂದ ಕೂಡಲೇ ಕೆಮ್ಮುತ್ತ ಬಂದು ಕೂತುಬಿಡುತ್ತಾನೆ. ಟೀ ಕೊಟ್ಟು ಮನೆಗೆ ಕಳಿಸಿದ್ದೇನೆ. ಬಾಗಿಲ ಹತ್ತಿರ ನಿಂತು ಇನ್ನೊಂದು ಸಲ ಕೆಮ್ಮಿದ. ನಾನು ತಿರುಗಿ ನೋಡಲಿಲ್ಲ.

೨

ವಿಷಯ ಇಷ್ಟು. ಒಬ್ಬಳು ಡಿಸೈನರ್. ಮೂವತ್ತಾರು ವರ್ಷ. ಮನೆಯ ಮುಂದಿನ ಕೋಣೆಯೇ ಆಫೀಸು. ಒಂದು ದೊಡ್ಡ ಮಾನಿಟರ್, ಒಂದು ಚಿಕ್ಕದು. ಅಲ್ಲಾಡುವ ಮೇಜು, ಮೇಜಿನ ಕಾಲಿನ ಕೆಳಗೆ ಮಡಿಸಿ ತುರುಕಿದ ವಿಸಿಟಿಂಗ್ ಕಾರ್ಡುಗಳು (ಅವಳವೇ, ಫೋನ್ ನಂಬರ್ ತಪ್ಪಾಗಿ ಪ್ರಿಂಟಾದವು). ಮೂಲೆಯಲ್ಲೊಂದು ಸ್ಟೂಲು. ಅದರ ಮೇಲೆ ಕೂತು ಇದನ್ನೆಲ್ಲ ಬರೆದುಕೊಳ್ಳುತ್ತಿರುವವನು ನಾನು, ಲೇಖಕ.

ಹಿಂದಿನ ಕೋಣೆಯಲ್ಲಿ ಅವಳ ಅತ್ತೆ. ಅಪ್ಪನ ತಂಗಿ, ಗಂಡನ ತಾಯಿ ಅಲ್ಲ. ಅತ್ತೆ ಅಂದಿದ್ದೇ ತಡ ಜಗಳ ನೋಡಲು ಜರುಗಿ ಕೂತಿದ್ದರೆ ಕ್ಷಮಿಸಿ.

ಅತ್ತೆ ಪ್ರಾಯದಲ್ಲಿ ಸಿನಿಮಾದಲ್ಲಿ ಕುಣಿದವಳು. ಹೀರೋಯಿನ್ ಅಲ್ಲ, ಹೀರೋಯಿನ್ನಿನ ಗೆಳತಿಯೂ ಅಲ್ಲ. ಗ್ರೂಪ್ ಡ್ಯಾನ್ಸರ್. ಮೂರನೇ ಸಾಲು, ಎಡಗಡೆಯಿಂದ ಎರಡನೆಯವಳು. ಹನ್ನೊಂದು ವರ್ಷ ಕುಣಿದಳು. ಹೀರೋಯಿನ್ ಎಡಕ್ಕೆ ವಾಲಿದರೆ ಅತ್ತೆ ಕಾಣುವುದಿಲ್ಲ. ಬಲಕ್ಕೆ ವಾಲಿದರೆ ಅತ್ತೆಯ ಮೊಣಕೈ ಕಾಣುತ್ತದೆ. ಟಿವಿಯಲ್ಲಿ ಹಾಡು ಬಂದಾಗ ಅತ್ತೆ ಎದ್ದು ಹೋಗಿ ಸ್ಕ್ರೀನಿನ ಮೇಲೆ ಬೆರಳಿಟ್ಟು "ಇದು ನಾನು" ಅನ್ನುತ್ತಾಳೆ. ಅಷ್ಟರಲ್ಲಿ ಶಾಟ್ ಬದಲಾಗಿ ಬೆರಳ ಕೆಳಗೆ ಹೀರೋನ ಕುದುರೆ ಬಂದಿರುತ್ತದೆ.

೩

ನಿರ್ದೇಶಕ ಬಂದ. ವಾರಕ್ಕೊಮ್ಮೆ ಕತ್ತರಿಸಿದರೂ ಕತ್ತರಿಸಿಯೇ ಇಲ್ಲ ಅನ್ನುವ ಹಾಗೆ ಕಾಣುವ ಗಡ್ಡ. ಒಳಗೆ ಬಂದವನೇ ಅಂದ:

"ಮೇಡಂ, ನನಗೆ ಪಕ್ಕಾ ರೆಟ್ರೋ ಪೋಸ್ಟರ್ ಬೇಕು. ಹಳೇದಾಗಿರಬೇಕು, ಆದ್ರೆ ಹಳೇದರ ಥರ ಕಾಣಬಾರದು."

"ಅಂದ್ರೆ, ಸರ್?"

"ಅಂದ್ರೆ ಫೀಲ್, ಮೇಡಂ. ಫೀಲ್."

ಈ ಮನುಷ್ಯ ಒಂದೇ ಒಂದು ಹಳೇ ಸಿನಿಮಾವನ್ನೂ ಪೂರ್ತಿ ನೋಡಿದವನಲ್ಲ. ಹಳೇ ಕಾಲ ಅಂದರೆ ಇವನ ಪಾಲಿಗೆ ಫೋನಿನಲ್ಲಿ ಅರ್ಧ ನಿಮಿಷ ಓಡುವ ಹಾಡು, ಅದರ ಮೇಲೊಂದು ಕಣ್ಣೀರಿನ ಇಮೋಜಿ. ಆದರೆ ವರ್ಷದ ಅರ್ಧ ಕೆಲಸ ಅವಳಿಗೆ ಇವನ ಕಡೆಯಿಂದಲೇ ಬರುವುದು. ತಲೆಯಾಡಿಸಿದಳು.

ಹಳೇದು ಮಾಡುವುದು ಹೇಗೆ ಅಂತ ಕೇಳಿ. ಹೀರೋನ ಫೋಟೊ ತಗೊಂಡು ಫಿಲ್ಟರ್ ಹಾಕಿದರೆ ಕುಂಚದಲ್ಲಿ ಬರೆದ ಹಾಗೆ ಆಗುತ್ತದೆ. ಆಕಾಶಕ್ಕೆ ಕಿತ್ತಳೆ ಬಣ್ಣ, ಕೋಟಿಗೆ ನೀಲಿ. ಹಳೇ ಪ್ರೆಸ್ಸುಗಳಲ್ಲಿ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರದೆ ತುಟಿ ಒಂದು ಕಡೆ, ಲಿಪ್‌ಸ್ಟಿಕ್ ಒಂದು ಕಡೆ ಬೀಳುತ್ತಿತ್ತು. ಆಗ ಅದಕ್ಕೆ ಪ್ರೆಸ್ಸಿನವನು ಬೈಸಿಕೊಳ್ಳುತ್ತಿದ್ದ. ಈಗ ಅದೇ ತಪ್ಪನ್ನು ಮೂರು ಪಿಕ್ಸೆಲ್ ಅಂತ ಅಳೆದು ಮಾಡಬೇಕು. ಕೊನೆಗೆ ಎಲ್ಲದರ ಮೇಲೆ ಹಳೇ ಕಾಗದದ ಚಿತ್ರ ಹೊದಿಸಬೇಕು. ಅದು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತದೆ. ಮಡಿಕೆ, ಸುಕ್ಕು, ಕೆಳಗಿನ ಬಲಮೂಲೆಯಲ್ಲಿ ಕಾಫಿ ಲೋಟದ ಗುಂಡನೆ ಕಲೆ. ಬಿಟ್ಟಿ ಅಂದಮೇಲೆ ಎಲ್ಲರೂ ಅದನ್ನೇ ಬಳಸುತ್ತಾರೆ. ಊರಿನ ಅಷ್ಟೂ ರೆಟ್ರೋ ಪೋಸ್ಟರುಗಳ ಮೇಲೆ ಒಬ್ಬನೇ ಪುಣ್ಯಾತ್ಮ ಲೋಟ ಇಟ್ಟು ಹೋಗಿದ್ದಾನೆ. ಯಾರೂ ಗಮನಿಸಿಲ್ಲ. ಗಮನಿಸುವವರಿದ್ದರೆ ರೆಟ್ರೋ ಯಾಕೆ ಮಾಡುತ್ತಿದ್ದರು?

ಹೀರೋನ ಎಡಗಡೆ ಜಾಗ ಖಾಲಿ ಉಳಿಯಿತು. ಹಳೇ ಪೋಸ್ಟರುಗಳಲ್ಲಿ ಅಂಥ ಜಾಗದಲ್ಲಿ ಒಬ್ಬಳು ಡ್ಯಾನ್ಸರ್ ಇರುತ್ತಿದ್ದಳು. ಡಿಸೈನರ್ ಎದ್ದು ಹೋಗಿ ಅತ್ತೆಯ ಕಪಾಟಿನಿಂದ ಒಂದು ಫೋಟೊ ತಂದಳು. ಶೂಟಿಂಗ್ ಬಿಡುವಿನಲ್ಲಿ ತೆಗೆದದ್ದು. ಮಿಣಮಿಣ ಬಟ್ಟೆ ಹಾಕಿದ ಇಬ್ಬರು ಡ್ಯಾನ್ಸರುಗಳು. ಒಬ್ಬಳು ಅತ್ತೆ, ಅವಳ ಕೈ ಪಕ್ಕದವಳ ಹೆಗಲ ಮೇಲೆ.

ಪಕ್ಕದವಳನ್ನು ಕತ್ತರಿಸಿ ಅಲ್ಲಿ ಹೀರೋನನ್ನು ನಿಲ್ಲಿಸಿದಳು. ಅತ್ತೆಯ ಕೈ ಸಲೀಸಾಗಿ ಹೀರೋನ ಹೆಗಲ ಮೇಲೆ ಬಂದು ಕೂತಿತು.

ಇಲ್ಲಿ ಸ್ವಲ್ಪ ಪಾಠ ಇದೆ, ಆಕಳಿಸಬೇಡಿ. ಈ ಸಾಫ್ಟ್‌ವೇರಿನಲ್ಲಿ ಚಿತ್ರ ಅಂದರೆ ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಒಂದೊಂದು ಹಾಳೆ ಒಂದೊಂದು ಲೇಯರ್. ಪ್ರತಿಯೊಂದರ ಪಕ್ಕದಲ್ಲೂ ಒಂದು ಪುಟ್ಟ ಕಣ್ಣಿನ ಗುರುತು. ಅದನ್ನು ಒತ್ತಿದರೆ ಆ ಹಾಳೆ ಮಾಯ, ಮತ್ತೆ ಒತ್ತಿದರೆ ಹಾಜರು. ಅತ್ತೆಯ ಮೈ ಹೀರೋನ ಹಿಂದೆ, ಕೈ ಹೀರೋನ ಮುಂದೆ ಬರಬೇಕು. ಹಾಗಾಗಿ ಮೈಗೊಂದು ಲೇಯರ್, ಕೈಗೆ ಇನ್ನೊಂದು. ಮೈಯ ಲೇಯರಿಗೆ "ಅತ್ತೆ" ಅಂತ ಹೆಸರಿಟ್ಟಳು. ಕೈಗೆ ಹೆಸರಿಡಲು ಸೋಮಾರಿತನ. ಸಾಫ್ಟ್‌ವೇರೇ ಇಟ್ಟುಕೊಂಡಿತು: ಲೇಯರ್ 47 ಕಾಪಿ 2.

ಅತ್ತೆಯನ್ನು ಕರೆದು ತೋರಿಸಿದಳು.

"ನನ್ನ ಪಕ್ಕ ಇದ್ದವಳೆಲ್ಲೇ?"

"ತೆಗೆದೆ ಅತ್ತೆ. ಅಲ್ಲಿ ಹೀರೋ ಬರಬೇಕಲ್ಲ."

ಅತ್ತೆ ಸ್ಕ್ರೀನಿನ ಹತ್ತಿರ ಬಗ್ಗಿದಳು. "ಹೋಗ್ಲಿ ಬಿಡು. ಅವಳು ಯಾವಾಗ್ಲೂ ತಾಳ ತಪ್ತಿದ್ಳು. ಪೋಸ್ಟರ್‌ನಲ್ಲಿ ಎಲ್ರಿಗೂ ಎಲ್ಲಿಂದ ಜಾಗ ತರ್ತೀಯ."

(ಅತ್ತೆ ದೇವತೆ ಅಲ್ಲ. ದೇವತೆಯೇ ಬೇಕಿದ್ದರೆ ಬೇರೆ ಲೇಖಕರನ್ನು ನೋಡಿಕೊಳ್ಳಿ.)

ನಿರ್ದೇಶಕ ನೋಡಿ "ವಾವ್, ಆಥೆಂಟಿಕ್!" ಅಂದ. ಓಕೆ ಅಂದ. ಅತ್ತೆ ಅವತ್ತೇ ವಾಕಿಂಗ್ ಗುಂಪಿಗೆಲ್ಲ ಹೇಳಿದಳು. ಮೂರನೇ ಮಹಡಿಯಾಕೆಗೆ ಹೇಳಿದಳು. ಮೆಡಿಕಲ್ ಶಾಪಿನವನಿಗೆ ಬಿಪಿ ಮಾತ್ರೆ ಕೇಳಲು ಹೋಗಿ ಮಾತ್ರೆ ಬಿಟ್ಟು ಇದನ್ನೇ ಹೇಳಿ ಬಂದಳು. ಹನ್ನೊಂದು ವರ್ಷ ಕುಣಿದ ಮೇಲೆ ಒಂದು ಗೋಡೆಯ ಮೇಲೆ ಒಂದೇ ಒಂದು ಸಲ ಪೂರ್ತಿಯಾಗಿ ಕಾಣಬೇಕು. ಅವಳಿಗೆ ಬೇಕಿದ್ದದ್ದು ಇಷ್ಟೇ.

೫

(ನಾಲ್ಕನೇದು ಇಲ್ಲ. ಅದರಲ್ಲಿ ನಿರ್ದೇಶಕನ ಬಾಲ್ಯ ಇತ್ತು. "ನನ್ನನ್ನ ಬರೀ ವಿಲನ್ ಮಾಡ್ಬೇಡಿ, ಬ್ಯಾಕ್‌ಸ್ಟೋರಿ ಕೊಡಿ" ಅಂತ ದುಂಬಾಲು ಬಿದ್ದಿದ್ದ, ಬರೆದುಕೊಟ್ಟೆ. ಏಳು ವರ್ಷ ಸಹಾಯಕನಾಗಿ ದುಡಿದನಂತೆ, ಮೊದಲ ಸಿನಿಮಾದ ಟೈಟಲ್ಲಿನಲ್ಲಿ ಇವನ ಹೆಸರೇ ಬಿಟ್ಟುಹೋಗಿತ್ತಂತೆ. ಓದಿ ನೋಡಿದರೆ ನನಗೇ ಕನಿಕರ ಬರತೊಡಗಿತು. ಇವನ ಮೇಲೆ ಕನಿಕರ ಪಡಲು ನನಗೆ ಪುರುಸೊತ್ತಿಲ್ಲ. ತೆಗೆದೆ.)

ಪ್ರಿಂಟಿಗೆ ಹೋಗುವ ದಿನ ಬೆಳಗ್ಗೆ ಫೋನು.

"ಮೇಡಂ, ಹೀರೋ ಪಕ್ಕದಲ್ಲಿ ಯಾರದು ಹುಡುಗಿ? ಪ್ರೊಡ್ಯೂಸರ್ ಕೇಳ್ತಿದ್ದಾರೆ. ನಮ್ಮ ಸಿನಿಮಾದಲ್ಲೇ ಇಲ್ವಲ್ಲ?"

"ನೀವೇ ಓಕೆ ಮಾಡಿದ್ರಿ ಸರ್."

"ಮಾಡಿದ್ದೆ. ಈಗ ತೆಗೀರಿ. ಅಲ್ಲಿ ಹೊಗೆ ಹಾಕ್ಬಿಡಿ."

"ಸರ್, ಅದು ನಮ್ಮ..." ಅಂತ ಶುರುಮಾಡಿದಳು. ನಮ್ಮ ಏನು ಅಂತ ಮುಗಿಸಲಿಲ್ಲ. (ನಾನು "ಹೇಳೇ, ನಮ್ಮ ಅತ್ತೆ ಅನ್ನೇ" ಅಂತ ಸ್ಟೂಲಿನಿಂದ ಪಿಸುಗುಟ್ಟಿದೆ. ಕೇಳಿಸಿಕೊಂಡೂ ಕೇಳಿಸದ ಹಾಗೆ ಇದ್ದಳು.) "ಅತ್ತೆ" ಅನ್ನುವ ಲೇಯರಿನ ಕಣ್ಣು ಒತ್ತಿದಳು. ಅತ್ತೆ ಮಾಯ. ಕಿತ್ತಳೆ ಹೊಗೆ ತುಂಬಿದಳು. ಕಳಿಸಿದಳು.

ಕೈ ಅಲ್ಲೇ ಇತ್ತು. ಹೀರೋನ ಹೆಗಲ ಮೇಲೆ, ಬೇರೆ ಲೇಯರಿನಲ್ಲಿ, ಬೇರೆ ಹೆಸರಿನಲ್ಲಿ. ಮೂರು ವಾರದಿಂದ ಅದನ್ನೇ ನೋಡಿ ನೋಡಿ ಅವಳ ಕಣ್ಣಿಗೆ ಅದು ಕೋಟಿನ ಭಾಗವೇ ಆಗಿಹೋಗಿತ್ತು. ನಿರ್ದೇಶಕ ಕಾರಿನಲ್ಲಿ ಕೂತು, ಫೋನಿನಲ್ಲಿ, ಬೆಂಕಿಪೊಟ್ಟಣದಷ್ಟು ಅಗಲದಲ್ಲಿ ನೋಡಿ ಹೆಬ್ಬೆರಳು ಕಳಿಸಿದ. ಪ್ರೆಸ್ಸಿನವರು ಬಣ್ಣ ನೋಡುತ್ತಾರೆ, ಕೈ ಎಣಿಸುವುದಿಲ್ಲ. ಮರುದಿನ ಊರ ತುಂಬ ಪೋಸ್ಟರು, ಪ್ರತಿ ಪೋಸ್ಟರಿನಲ್ಲೂ ಹೀರೋಗೆ ಮೂರು ಕೈ.

ಅತ್ತೆಯನ್ನು ತೆಗೆದ ವಿಷಯ ಅತ್ತೆಗೆ ಹೇಳಬೇಕಿತ್ತು. ಸಂಜೆ ಹೇಳೋಣ ಅಂದುಕೊಂಡಳು. ಸಂಜೆ ಆಯಿತು, ಬೆಳಗ್ಗೆ ಹೇಳೋಣ ಅಂದುಕೊಂಡಳು. ನನ್ನ ಕಥಾನಾಯಕಿ ಹೇಡಿ. ನಾನೇನು ಮಾಡಲಿ, ಇವಳೇ ಸಿಕ್ಕಿದ್ದು.

೬

ಬಸ್‌ಸ್ಟಾಪಿನ ಪಕ್ಕದ ಗೋಡೆ. ಬೆಳಗ್ಗೆ ಏಳೂವರೆ. ಅತ್ತೆ ಒಳ್ಳೆ ಬಟ್ಟೆ ಹಾಕಿಕೊಂಡು ವಾಕಿಂಗ್ ಗುಂಪನ್ನೇ ಕರೆದುಕೊಂಡು ಬಂದಿದ್ದಾಳೆ. ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಮೂರನೇ ಮಹಡಿಯಾಕೆ, ಅಂಗಡಿ ತೆಗೆಯುವ ಮುಂಚೆ ಬಂದ ಮೆಡಿಕಲ್ ಶಾಪಿನವನು.

"ಎಲ್ಲಿದ್ದೀರಿ ನೀವು?" ಅಂದಳು ಮೂರನೇ ಮಹಡಿಯಾಕೆ.

ಅತ್ತೆ ಹುಡುಕಿದಳು. ಹೊಗೆ. ಹೀರೋ. ಮತ್ತೆ ಹೊಗೆ. ಕೊನೆಗೆ ಹೆಗಲ ಮೇಲೆ ಕಣ್ಣು ನಿಂತಿತು.

"ಅದು ನನ್ನ ಕೈ."

ಮ್ಯಾನೇಜರು ನಕ್ಕರು. ಕೆಟ್ಟ ನಗು ಏನಲ್ಲ, ಸಾಲ ಇಲ್ಲ ಅನ್ನುವಾಗ ನಗುತ್ತಿದ್ದ ಅದೇ ನಗು. "ಅಲ್ಲಮ್ಮಾ, ಕೈ ಯಾರದಾದ್ರೂ ಆಗಿರಬಹುದಲ್ವಾ?"

ಅತ್ತೆ ತನ್ನ ಎಡಗೈ ಎತ್ತಿ ಪೋಸ್ಟರಿನ ಕೈಯ ಪಕ್ಕದಲ್ಲಿ ಗೋಡೆಗೆ ಒತ್ತಿ ಹಿಡಿದಳು. ಕಿರುಬೆರಳು ಎರಡನೇ ಗೆಣ್ಣಿನಲ್ಲಿ ಹೊರಕ್ಕೆ ಸೊಟ್ಟ. ಯಾವುದೋ ಸೆಟ್ಟಿನಲ್ಲಿ ಪ್ಲೈವುಡ್ ಮೆಟ್ಟಿಲು ಮುರಿದು ಬಿದ್ದದ್ದು. ಎರಡು ದಿನ ಬಟ್ಟೆ ಸುತ್ತಿಕೊಂಡೇ ಕುಣಿದಿದ್ದಳು, ಮೂಳೆ ಹಾಗೇ ಕೂಡಿಕೊಂಡಿತು. ಪೋಸ್ಟರಿನ ಕಿರುಬೆರಳೂ ಅಲ್ಲೇ ಸೊಟ್ಟ. ಫಿಲ್ಟರ್ ಮುಖದ ಸುಕ್ಕು ತೆಗೆಯುತ್ತದೆ, ಮೂಳೆ ನೆಟ್ಟಗೆ ಮಾಡುವುದಿಲ್ಲ.

ಮೆಡಿಕಲ್ ಶಾಪಿನವನು ಬಗ್ಗಿ ನೋಡಿದ. "ಹೌದ್ರೀ. ಅದೇ ಬೆರಳು."

ಮೂರನೇ ಮಹಡಿಯಾಕೆ "ಅಯ್ಯೋ ಪಾಪ" ಅಂದಳು.

ಅತ್ತೆ ಕೈ ಕೆಳಗಿಳಿಸಿದಳು. ನನಗೆ ಇಲ್ಲಿ ಸಂಕಟವಾಯಿತು. ಸಂಕಟವಾಯಿತು ಅಂತ ನೇರವಾಗಿ ಬರೆಯಬಾರದು, ಓದುಗರಿಗೆ ತಾನಾಗಿ ಆಗಬೇಕು ಅಂತ ಬಲ್ಲವರು ಹೇಳುತ್ತಾರೆ. ಆಯಿತು ಸ್ವಾಮಿ, ನನಗೆ ಆಯಿತು, ಏನೀಗ?

೭

"ನನ್ನ ಕೈ ಕತ್ತರಿಸಿ ಊರೆಲ್ಲ ಅಂಟಿಸಿದ್ದೀಯಲ್ಲೇ," ಅಂದಳು ಅತ್ತೆ, ಚಪ್ಪಲಿ ಬಿಡುವ ಮೊದಲೇ.

"ಅತ್ತೆ, ತಪ್ಪಾಯ್ತು. ಕೈಯನ್ನೂ ತೆಗೀಬೇಕಿತ್ತು. ಮರೆತುಬಿಟ್ಟೆ."

(ಇದಕ್ಕಿಂತ ಕೆಟ್ಟ ಕ್ಷಮೆ ಜಗತ್ತಿನಲ್ಲಿಲ್ಲ. ನಾನು ಬರೆದದ್ದಲ್ಲ, ಅವಳ ಬಾಯಿಂದ ಬಂದದ್ದು.)

"ಓಹೋ. ಕೈಯನ್ನೂ ತೆಗೀಬೇಕಿತ್ತಾ."

ಜಗಳ ಮಧ್ಯಾಹ್ನದವರೆಗೂ ಎಳೆಯಿತು. ಆಗ ಫೋನು. ಬೆಳಗ್ಗೆ ಎಂಟಕ್ಕೆ ನಿರ್ದೇಶಕ ಕಿರುಚಿದ್ದ. ಊರೆಲ್ಲ ಅವನ ಪೋಸ್ಟರ್ ನೋಡಿ ನಗುತ್ತಿದೆ, ಬಿಡುಗಡೆಗೆ ಮೊದಲೇ ಸಿನಿಮಾ ಕೈಕೊಟ್ಟಿದೆ ಅಂತ ಬರೆಯುತ್ತಿದ್ದಾರೆ, ಮಾನ ಹೋಯಿತು ಅಂತ. ಈಗ ಮಧ್ಯಾಹ್ನ ಹನ್ನೆರಡು. ದನಿಯೇ ಬೇರೆ.

"ಮೇಡಂ! ಟ್ರೆಂಡಿಂಗ್! ಎಲ್ರೂ ಆ ಕೈ ಬಗ್ಗೇನೇ ಮಾತಾಡ್ತಿದ್ದಾರೆ. ಕೈ ತೆಗೀಲೇಬೇಡಿ. ಇನ್ನೊಂದು ಪೋಸ್ಟರ್ ಮಾಡಿ, ಹೀರೋ ಬೇಡ, ಬರೀ ಕೈ, ಇಷ್ಟು ದೊಡ್ಡದು. ಮೇಲೆ 'ಈ ಕೈ ಯಾರದು?' ಅಂತ. ಆ ಸೊಟ್ಟ ಬೆರಳು ಸೂಪರ್ ಐಡಿಯಾ ಮೇಡಂ, ಹೇಗೆ ಹೊಳೀತು ನಿಮಗೆ? ನಾಲ್ಕು ಗಂಟೆಗೆ ಪ್ರೆಸ್ಸಿಗೆ ಹೋಗಬೇಕು. ಯಾರದು ಅಂತ ಮಾತ್ರ ಯಾರಿಗೂ ಹೇಳ್ಬೇಡಿ. ಗೊತ್ತಾದ್ರೆ ಮಜಾ ಹೋಯ್ತು."

ಸ್ಪೀಕರ್ ಆನ್ ಇತ್ತು. ಅತ್ತೆ ಕೇಳಿಸಿಕೊಂಡಳು. ಫೋನ್ ಇಟ್ಟ ಮೇಲೆ ಅಂದಳು:

"ನೋಡು. ಇಟ್ರೆ ಪೂರ್ತಿ ಇಡು. ಇಲ್ಲಾಂದ್ರೆ ಕೈಯನ್ನೂ ತೆಗಿ. ಮಜಾ ತಗೊಳ್ಳೋದಕ್ಕೆ ನನ್ನ ಬೆರಳು ಮುರಿದಿದ್ದಲ್ಲ."

"ಅವನ ಕಡೆಯಿಂದ ಬರೋ ಕೆಲಸ ಹೋದ್ರೆ ನಾವು ಏನು ಮಾಡೋದು ಅತ್ತೆ?"

"ಅದು ನಂಗೊತ್ತಿಲ್ಲ. ನಾನು ಕೇಳ್ತಿರೋದು ನನ್ನದನ್ನ ಮಾತ್ರ."

೮ (ಮುಕ್ತಾಯಗಳು, ಅಗ್ಗದ ದರದಲ್ಲಿ)

ಮುಕ್ತಾಯ ಒಂದು. ಡಿಸೈನರ್ "ಅತ್ತೆ" ಲೇಯರಿನ ಕಣ್ಣು ತೆರೆಯುತ್ತಾಳೆ, ಪೂರ್ತಿ ಅತ್ತೆಯನ್ನು ಪ್ರೆಸ್ಸಿಗೆ ಕಳಿಸುತ್ತಾಳೆ. ಊರಿಗೆ ಊರೇ ಚಪ್ಪಾಳೆ. ನಿರ್ದೇಶಕನಿಗೆ ಜ್ಞಾನೋದಯ. "ನನ್ನ ಗಡ್ಡದಾಣೆ ನನಗೆ ಆಗಲ್ಲ ಅದು" ಅಂತ ನಿರ್ದೇಶಕನೇ ಫೋನ್ ಮಾಡಿ ಹೇಳಿದ. ಮೊದಲ ಸಲ ಅವನ ಮಾತು ಸರಿ ಅನ್ನಿಸಿತು.

ಮುಕ್ತಾಯ ಎರಡು. ಬರೀ ಕೈಯ ಪೋಸ್ಟರ್ ಹೋಗುತ್ತದೆ. ಕೈ ಯಾರದು ಅಂತ ನಿರ್ದೇಶಕ ಒಂದು ಸ್ಪರ್ಧೆ ಇಡುತ್ತಾನೆ. ಅದರಲ್ಲಿ ಯಾರೋ ಹುಡುಗಿ "ಈ ಕೈ ನಂದು" ಅಂತ ಹೇಳಿ ಗೆಲ್ಲುತ್ತಾಳೆ, ಕಿರುಬೆರಳನ್ನು ಸಾಫ್ಟ್‌ವೇರಿನಲ್ಲಿ ಸೊಟ್ಟ ಮಾಡಿಕೊಂಡು. ಇದು ಚೆನ್ನಾಗಿದೆ. ಇಷ್ಟು ಚೆನ್ನಾಗಿದೆ ಅಂದರೆ ನನಗೆ ನನ್ನ ಮೇಲೇ ಅನುಮಾನ ಬಂತು.

ಮುಕ್ತಾಯ ಮೂರು. ಡಿಸೈನರ್ ಕಂಪ್ಯೂಟರಿನ ಮುಂದೆ ತಲೆತಗ್ಗಿಸಿ ಕೂತಿದ್ದಾಳೆ. ಹಿಂದಿನಿಂದ ಅತ್ತೆ ಬಂದು ಮೆಲ್ಲಗೆ ಅವಳ ಹೆಗಲ ಮೇಲೆ ಕೈಯಿಡುತ್ತಾಳೆ. ನೀವು ಕರ್ಚೀಫು ಹುಡುಕುತ್ತೀರಿ.

"ಇಡಲ್ಲ," ಅಂದಳು ಅತ್ತೆ.

ನಾನು ತಲೆಯೆತ್ತಿದೆ.

"ನಿಮಗೇ ಹೇಳ್ತಿರೋದು ಸ್ಟೂಲಿನವರೇ. ಬೆಳಗ್ಗೆಯಿಂದ ಅಲ್ಲಿ ಕೂತು ಗೀಚ್ತಾ ಇದ್ದೀರಿ. ಏನದು?"

"ಕತೆ, ಅಮ್ಮ. ನಿಮ್ಮ ಪರವಾಗೇ ಬರೀತಿದ್ದೀನಿ. ಅವನನ್ನ ಹಿಗ್ಗಾಮುಗ್ಗಾ ಬೈದಿದ್ದೀನಿ."

"ಗೊತ್ತು, ಹಿಂದೆ ನಿಂತು ಓದಿದೆ. ಅವಳು ಇವಳು ಅಂತ ಏಕವಚನ ಬೇರೆ. ನಿಮಗಿಂತ ಎಷ್ಟು ವರ್ಷ ದೊಡ್ಡವಳು ನಾನು?"

"ತಪ್ಪಾಯ್ತು."

"ಅವನಿಗೂ ನನ್ನ ಕೈ ಬೇಕು. ನಿಮಗೂ ನನ್ನ ಕೈಯೇ ಬೇಕು. ಅವನು ಗೋಡೆಗೆ ಅಂಟಿಸ್ತಾನೆ, ನೀವು ಕೊನೇ ಸಾಲಿಗೆ ಅಂಟಿಸ್ತೀರಿ. ಏನ್ರೀ ವ್ಯತ್ಯಾಸ? ಅವನಾದ್ರೂ ಸೂಪರ್ ಅಂದ."

ನಾನು ಡಿಸೈನರ್ ಕಡೆ ನೋಡಿದೆ, ನನ್ನ ಪರ ಒಂದು ಮಾತಾಡುತ್ತಾಳೇನೋ ಅಂತ. ಅವಳಿಗೆ ಇಡೀ ದಿನದಲ್ಲಿ ಮೊದಲ ಸಲ ನಗು ಬಂದಿತ್ತು. ನನ್ನನ್ನು ನೋಡಿಯೇ.

"ಎದ್ದೇಳಿ," ಅಂದರು ಅತ್ತೆ. "ಇದು ನಾನೂ ನನ್ನ ಸೊಸೆಯೂ ಮಾತಾಡಿಕೊಳ್ಳೋ ವಿಷಯ. ಪೋಸ್ಟರ್ ಏನಾಗುತ್ತೆ ಅಂತ ಆಮೇಲೆ ಗೋಡೆ ನೋಡಿ ತಿಳ್ಕೊಳ್ಳಿ, ಎಲ್ಲರ ಥರ."

೯

ಬಾಗಿಲು ಹಾಕಿದರು. ಚಿಲಕವನ್ನೂ ಹಾಕಿದರು. ಮೆಟ್ಟಿಲ ಮೇಲೆ ನಿಂತಿದ್ದೇನೆ. ನಾಲ್ಕಕ್ಕೆ ಹತ್ತು ನಿಮಿಷ.

ಒಳಗೆ ಕುರ್ಚಿ ಎಳೆದ ಸದ್ದು. ಅತ್ತೆ ಏನೋ ಹೇಳಿದರು, ಸೊಸೆ ಏನೋ ಹೇಳಿದಳು, ಇಬ್ಬರಲ್ಲಿ ಒಬ್ಬರು ಅತ್ತರು. ಯಾರು ಅಂತ ಗೊತ್ತಾಗಲಿಲ್ಲ. ಮೌಸ್ ಒತ್ತಿದ ಸದ್ದು, ಒಂದೇ ಸಲ. ಯಾವ ಲೇಯರ್ ತೆರೆಯಿತೋ, ಯಾವುದು ಮುಚ್ಚಿತೋ. ನಾನು ಲೇಖಕ, ಬೇಕಾದರೆ ಗೋಡೆಯ ಮೂಲಕ ಒಳಗೆ ಹೋಗಬಹುದು, ನಮ್ಮ ಕಸುಬಿನಲ್ಲಿ ಅದಕ್ಕೆ ಯಾರೂ ಬೈಯುವುದಿಲ್ಲ. ಹೋಗಲಿಲ್ಲ. ಒಳ್ಳೆಯತನ ಅಂದುಕೊಳ್ಳಬೇಡಿ, ಆ ಹೆಂಗಸಿಗೆ ಹೆದರಿದೆ.

ಬೇರೆ ಕೆಲಸವಿಲ್ಲದೆ, ಬರೆದದ್ದನ್ನೆಲ್ಲ ಮೊದಲಿಂದ ಓದಿದೆ. ಏನು ಸಿಕ್ಕಿತು ಗೊತ್ತೇ? ನಿರ್ದೇಶಕನ ಗಡ್ಡ ಬರೆದಿದ್ದೇನೆ. ಮ್ಯಾನೇಜರ ನಗು ಬರೆದಿದ್ದೇನೆ. ಮೇಜಿನ ಕಾಲಿನ ಕೆಳಗಿನ ಕಾರ್ಡು ಕೂಡ ಬಿಟ್ಟಿಲ್ಲ. ಅತ್ತೆಯದು ಒಂದು ಮೊಣಕೈ, ಒಂದು ಕಿರುಬೆರಳು, ಅಷ್ಟೇ. ಇಷ್ಟುದ್ದದ ಕತೆಯಲ್ಲಿ ಅವರ ಮುಖ ಹೇಗಿದೆ ಅಂತ ಒಂದು ಸಾಲೂ ಇಲ್ಲ. ನಂಬದಿದ್ದರೆ ಮೇಲೆ ಹೋಗಿ ನೋಡಿ ಬನ್ನಿ, ಕಾಯುತ್ತೇನೆ.

ಈಗಲಾದರೂ ಬರೆಯೋಣ ಅಂದರೆ, ಇಡೀ ದಿನ ಎದುರಿಗೆ ಕೂತು ನಾನು ನೋಡಿದ್ದು ಆ ಬೆರಳನ್ನು ಮಾತ್ರ. ಹಣೆ ಅಗಲವೋ ಕಿರಿದೋ, ಬೈಯುವಾಗ ಕಣ್ಣು ಕೆಂಪಾಗಿತ್ತೋ ಒದ್ದೆಯಾಗಿತ್ತೋ, ಗೊತ್ತಿಲ್ಲ.

ಬಾಗಿಲು ತಟ್ಟಿದೆ.

"ಯಾರು?" ಅಂದರು ಒಳಗಿಂದ.

ನಾನಿನ್ನೂ ಹೇಳಿಲ್ಲ.